ತಿರ್ಜಾಳ ನಲವತ್ತನೆಯ ಉತ್ತರ

ನವೆಂಬರ್ 6, 1853. ಭಾನುವಾರ

ಇಂದು ಮಕ್ಕಳ ತರಗತಿ ನನ್ನ ಕೈಗೆ ಬಂತು. ಇಪ್ಪತ್ತೆರಡು ವರ್ಷ ಕಲಿಸಿದ ಹುಲ್ಡಾ ಅಕ್ಕನಿಗೆ ಈಗ ಅಕ್ಷರ ಕಾಣುವುದಿಲ್ಲ. ಆರಾಧನೆ ಮುಗಿದ ಮೇಲೆ ಹಿರಿಯ ಜೋಥಾಮ್ ಎಲ್ಲರ ಎದುರು ಪ್ರಶ್ನೆಗಳ ಪುಸ್ತಕವನ್ನು ನನ್ನ ಕೈಯಲ್ಲಿಟ್ಟರು. "ಕೆಜಾಯಾ, ಇದಕ್ಕೆ ಒಂದಕ್ಷರ ಸೇರಿಸ್ಬೇಡ. ಇದರಿಂದ ಒಂದಕ್ಷರ ಬಿಡ್ಬೇಡ," ಎಂದರು. ಮದುವೆಯಿಲ್ಲದೆ ಮೂವತ್ತು ತುಂಬಿದ ಹೆಂಗಸಿಗೆ ಎಚ್ಚೆತ್ತವರ ಸಭೆ ಇದಕ್ಕಿಂತ ದೊಡ್ಡ ಮಾನ ಕೊಡಲಾರದು.

ಹದಿನಾಲ್ಕು ಮಕ್ಕಳು. ಭಾನುವಾರ ಮತ್ತು ಬುಧವಾರ, ಪ್ರಾರ್ಥನಾಮಂದಿರದ ಹಿಂದಿನ ಕೋಣೆಯಲ್ಲಿ. ಮೂವತ್ತೊಂಬತ್ತು ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲೇ ಇದೆ, ಬಾಯಿಪಾಠ ಮಾಡಿಸಬೇಕು. ನಲವತ್ತನೆಯದಕ್ಕೆ ಅಚ್ಚಾದ ಉತ್ತರವಿಲ್ಲ: "ನಿನ್ನ ಹೃದಯ ಒಡೆದದ್ದು ಯಾವ ದಿನ, ಎಲ್ಲಿ?" ಪಾಪದ ಅರಿವಾಗಿ ಕರ್ತನೆದುರು ಹೃದಯ ಒಡೆದ ಆ ದಿನವನ್ನು ಮಗು ತಾನೇ ಹೇಳಬೇಕು, ನಾನು ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಅಂದಿನಿಂದ ಆ ಮಗು ನಮ್ಮದು. ಹೇಳದೆ ಸತ್ತವರಿಗೆ ಸಮಾಧಿಭೂಮಿಯ ಬೇಲಿಯ ಆಚೆ, ಇಳಿಜಾರಿನಲ್ಲಿ ಜಾಗ. ಊರಿನ ಮಿಕ್ಕ ಜನ ನಮ್ಮನ್ನು ನಲವತ್ತು ಪ್ರಶ್ನೆಯವರು ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಈ ಹೊತ್ತಿನ ಭಾರವನ್ನು ಹೊರಲು ಕರ್ತನು ನನಗೆ ಬಲ ಕೊಡಲಿ. ಆತನ ನಾಮಕ್ಕೆ ಸ್ತೋತ್ರ.

ನವೆಂಬರ್ 16. ಬುಧವಾರ

ಮಕ್ಕಳು ಚೆನ್ನಾಗಿ ಹೇಳುತ್ತಿದ್ದಾರೆ. "ನೀನು ಯಾರು?" ಎಂದರೆ ಹದಿನಾಲ್ಕು ಗಂಟಲು ಒಂದಾಗಿ "ಕ್ರೋಧದ ಮಗು." "ನಿನ್ನಲ್ಲಿ ಒಳ್ಳೆಯದೇನಿದೆ?" "ಏನೂ ಇಲ್ಲ." ಕಿಟಕಿಯ ಗಾಜು ಅದುರುವಷ್ಟು ಜೋರಾಗಿ ಹೇಳಿಸಿದೆ. ಒಲೆಗೆ ಸೌದೆ ಹಾಕಿದ್ದು ಸಾಲದಿದ್ದರೂ ಎಲ್ಲರ ಮುಖ ಕೆಂಪಾಗಿತ್ತು.

ಲೋಯಿಸ್ ಎಂಬ ಹನ್ನೊಂದರ ಹುಡುಗಿ ಇಂದು ನಲವತ್ತನೆಯದಕ್ಕೆ ಉತ್ತರಿಸಿದಳು. ಸೇಬು ಕೂಡಿಡುವ ನೆಲಮಾಳಿಗೆಯಲ್ಲಿ, ಕಳೆದ ಮಂಗಳವಾರ, ಹೃದಯ ಒಡೆಯಿತಂತೆ. ಹೇಳುತ್ತಾ ಹೇಳುತ್ತಾ ಅತ್ತಳು. ನನಗೂ ಕಣ್ಣು ತುಂಬಿತು. ಬರೆದು ಸಹಿ ಹಾಕಿದೆ. ನನ್ನ ಮೊದಲ ಸಹಿ.

ಮನೆಗೆ ಬಂದು ಚಿಕ್ಕಮ್ಮನಿಗೆ ಹೇಳಿದರೆ, ಮೆಹಿತಬೆಲ್ ಚಿಕ್ಕಮ್ಮ ಆಲೂಗಡ್ಡೆ ಸುಲಿಯುತ್ತಾ, "ಅವಳ ಅಕ್ಕನಿಗೂ ನೆಲಮಾಳಿಗೇಲೇ ಒಡೀತು ಕಣೇ, ಮೂರು ವರ್ಷದ ಹಿಂದೆ. ಆ ಮನೆಯವರ ನೆಲಮಾಳಿಗೆ ಭಾರಿ ಪವಿತ್ರವಾದ್ದು," ಎಂದರು. ಅವರ ಬಾಯಿಗೆ ಬೀಗವಿಲ್ಲ. ಎಪ್ಪತ್ತಾಯಿತು, ಬಿಟ್ಟುಬಿಡಬೇಕು.

ನವೆಂಬರ್ 27. ಭಾನುವಾರ

ತಿರ್ಜಾ ಹ್ಯಾಸ್ಕಲ್ ಬಗ್ಗೆ ಬರೆಯಬೇಕು. ಲೆಮ್ಯುಯೆಲ್ ಮತ್ತು ಅಸೆನತ್ ಹ್ಯಾಸ್ಕಲ್‌ರ ಒಬ್ಬಳೇ ಮಗಳು, ಹನ್ನೆರಡು ತುಂಬಿದೆ. ಮೂವತ್ತೊಂಬತ್ತನ್ನೂ ತಪ್ಪಿಲ್ಲದೆ, ಬೇಕಾದರೆ ಹಿಂದಿನಿಂದ ಮುಂದಕ್ಕೂ ಹೇಳುತ್ತಾಳೆ. ನಲವತ್ತನೆಯದನ್ನು ಕೇಳಿದಾಗ ಎದ್ದು ನಿಂತು, "ಇನ್ನೂ ಒಡೆದಿಲ್ಲ ಅಕ್ಕ," ಎಂದಳು.

"ಚೆನ್ನಾಗಿ ಯೋಚಿಸು."

"ಯೋಚಿಸ್ದೆ. ಅಳು ಬಂದಿದೆ. ನಮ್ಮ ಕಂದು ಹಸು ಸತ್ತಾಗ ತುಂಬಾ ಅತ್ತೆ. ಆದ್ರೆ ಅದು ಇದಲ್ಲ ಅಲ್ವಾ?"

ಮಕ್ಕಳು ನಕ್ಕರು. ಕೋಲಿನಿಂದ ಮೇಜು ಬಡಿದೆ. ನಗುವಿಗೆ ಕಾರಣಳಾದವಳು ನಗುತ್ತಿರಲಿಲ್ಲ, ನಿಜವಾಗಿಯೂ ನನ್ನಿಂದ ಉತ್ತರ ಬೇಕು ಎಂಬಂತೆ ನೋಡುತ್ತಿದ್ದಳು. ಇದು ಅಹಂಕಾರ. ಮೆತ್ತಗಿನ ದನಿಯ ಅಹಂಕಾರವೇ ಹೆಚ್ಚು ಅಪಾಯದ್ದು ಎಂದು ಹುಲ್ಡಾ ಅಕ್ಕ ಹೇಳುತ್ತಿದ್ದರು. ಈ ಮಗುವಿಗಾಗಿ ಪ್ರತಿದಿನ ಮಂಡಿಯೂರುವೆ.

ಡಿಸೆಂಬರ್ 4. ಭಾನುವಾರ

ಮೂರನೆಯ ಸಲವೂ "ಇನ್ನೂ ಇಲ್ಲ." ಹಿರಿಯ ಜೋಥಾಮ್‌ಗೆ ತಿಳಿಸುವುದು ನನ್ನ ಕರ್ತವ್ಯವಾಗಿತ್ತು, ತಿಳಿಸಿದೆ. ಅವರು ತರಗತಿಗೆ ಬಂದು ಅವಳ ಎದುರು ಕುರ್ಚಿ ಹಾಕಿ ಕುಳಿತರು. ಗದರಿಸಲಿಲ್ಲ.

"ಮಗಳೇ, ಈ ಕೋಣೇಲಿ ಎಷ್ಟು ಮಕ್ಕಳಿಗೆ ಒಡೀತು, ನಿನಗೆ ಮಾತ್ರ ಯಾಕಿಲ್ಲ?"

"ಗೊತ್ತಿಲ್ಲ ಅಜ್ಜ. ಸುಮ್ನೆ ಒಂದು ದಿನ ಹೇಳಿಬಿಡು ಅಂತ ಲೋಯಿಸ್ ಅಂದ್ಲು. ಹಾಗ್ ಹೇಳಿದ್ರೆ ಸುಳ್ಳಾಗಲ್ವಾ?"

ಲೋಯಿಸ್ ತಲೆ ತಗ್ಗಿಸಿದಳು. ಹಿರಿಯರು ಕುರ್ಚಿ ಸರಿಸಿ ಎದ್ದರು. ಸಂಜೆಯ ಕೂಟದಲ್ಲಿ ತೀರ್ಪಾಯಿತು: ತಿರ್ಜಾಳನ್ನು ಮೌನದಲ್ಲಿಡುವುದು. ನಲವತ್ತನೆಯದಕ್ಕೆ ಉತ್ತರ ಬರುವ ತನಕ ಸಭೆಯ ಯಾರೂ, ಮನೆಯವರೂ, ಅವಳೊಡನೆ ಮಾತಾಡಕೂಡದು. ಊಟ ಕೊಡಬಹುದು, ಕೆಲಸ ತೋರಿಸಬಹುದು. ತರಗತಿಯಲ್ಲಿ ಬಾಗಿಲ ಬಳಿ ಬೇರೆ ಬೆಂಚು.

ಅವಳ ತಾಯಿ ಅಸೆನತ್ ಹೆಂಗಸರ ಸಾಲಿನಲ್ಲಿ ಕೈಗವಸುಗಳನ್ನು ಹಿಂಡುತ್ತಾ ಕುಳಿತಿದ್ದಳು. ತಂದೆ ತೀರ್ಪಿಗೆ "ಆಮೆನ್" ಎಂದನು. ಕಠಿಣವಾದರೂ ಇದು ಪ್ರೀತಿ. ನಾಟಿವೈದ್ಯರು ಮೂಳೆ ಕೂಡಿಸುವಾಗ ನೋಯಿಸದೆ ಕೂಡಿಸುತ್ತಾರೆಯೇ?

ಚಿಕ್ಕಮ್ಮ ಕೇಳಿ, "ದನಕ್ಕಾದ್ರೂ ಹೋ ಅಂತೀವಿ," ಎಂದು ಒಳಗೆ ಹೋದರು. ರಾತ್ರಿ ಊಟಕ್ಕೆ ನನ್ನೊಡನೆ ಕೂರಲಿಲ್ಲ.

ಡಿಸೆಂಬರ್ 14. ಬುಧವಾರ

ತಿರ್ಜಾ ಬರುತ್ತಾಳೆ, ಬಾಗಿಲ ಬೆಂಚಿನಲ್ಲಿ ಕೂರುತ್ತಾಳೆ, ಎಲ್ಲರೊಡನೆ ಉತ್ತರ ಹೇಳುತ್ತಾಳೆ. ಹೇಳಬೇಡ ಎಂದು ಹೇಳುವಂತಿಲ್ಲ, ಮಾತಾಡಿದಂತಾಗುತ್ತದೆ. ಅವಳ ದನಿ ಒಂದೇ ಒಂದು ಕ್ಷಣ ಹಿಂದೆ ಬೀಳುತ್ತದೆ. "ಏನೂ ಇಲ್ಲ" ಎಂದು ಎಲ್ಲರೂ ಹೇಳಿ ಮುಗಿಸಿದ ಮೇಲೆ ಬಾಗಿಲ ಕಡೆಯಿಂದ "ಏನೂ ಇಲ್ಲ."

ಡಿಸೆಂಬರ್ 20. ಮಂಗಳವಾರ

ಹ್ಯಾಸ್ಕಲ್‌ರ ಮನೆಗೆ ಉಣ್ಣೆ ಕೊಡಲು ಹೋಗಿದ್ದೆ. ಅಸೆನತ್ ಒಲೆಯ ಬಳಿ ಬೀನ್ಸ್ ಬೇಯಿಸುತ್ತಿದ್ದಳು. ಮಗಳು ಕಿಟಕಿಯ ಕೆಳಗೆ ಹೊಲಿಯುತ್ತಿದ್ದಳು. ಅಸೆನತ್ ಬೆಕ್ಕಿನ ಕಡೆ ತಿರುಗಿ, "ಏನಮ್ಮ ಬೆಕ್ಕೇ, ಅಲ್ಲಿ ಗಾಳಿ ಹೊಡೆಯಲ್ವಾ? ಒಲೆ ಹತ್ರ ಬಾ. ನಿನಗೆ ಕೆನೆ ಎತ್ತಿಟ್ಟಿದ್ದೀನಿ," ಎಂದಳು. ಬೆಕ್ಕು ಮಲಗಿಯೇ ಇತ್ತು. ತಿರ್ಜಾ ಎದ್ದು ಒಲೆಯ ಬಳಿ ಬಂದು ಕುಳಿತು, ಅಲ್ಲಿ ಮುಚ್ಚಿಟ್ಟಿದ್ದ ಬಟ್ಟಲು ತೆಗೆದುಕೊಂಡಳು.

ದಾರಿಯುದ್ದಕ್ಕೂ ಮನಸ್ಸಿನೊಡನೆ ಹೋರಾಡಿದೆ. ಅರ್ಧ ವಾಸಿಯಾದ ಗಾಯವನ್ನು ಕೆರೆಯುವುದು ಕರುಣೆಯಲ್ಲ. ಹಿರಿಯ ಜೋಥಾಮ್‌ಗೆ ಹೇಳಿದೆ. ಅವರು ಅಸೆನತ್‌ಳನ್ನು ಕರೆದು ಎಚ್ಚರಿಸಿದರಂತೆ. ಸರಿಯಾದದ್ದನ್ನೇ ಮಾಡಿದೆ. ಕರ್ತನು ಬಲ್ಲನು.

ಡಿಸೆಂಬರ್ 21

ಸರಿಯಾದದ್ದನ್ನೇ ಮಾಡಿದೆ.

ಜನವರಿ 4, 1854. ಬುಧವಾರ

ಹೊಳೆಯ ಆಚೆಯ ಮೆಥೊಡಿಸ್ಟ್ ಪಂಥದವರ ಮನೆಗಳಲ್ಲಿ ಗಂಟಲುಮಾರಿ ಕಾಣಿಸಿದೆಯಂತೆ. ಡಾಕ್ಟರ್ ಕ್ರೌಲಿ ಕುದುರೆಯಿಂದ ಇಳಿಯದೆಯೇ ಹಿರಿಯರಿಗೆ ಹೇಳಿದರು: "ಮಕ್ಕಳನ್ನೆಲ್ಲ ಒಂದು ಕೋಣೇಲಿ ತುಂಬಿ ಬಾಯ್ತೆರೆದು ಕೂಗಿಸ್ಬೇಡಿ. ಒಂದು ತಿಂಗಳು ಮುಚ್ಚಿ."

ಹಿರಿಯರು, "ಸಾವು ಹತ್ತಿರ ಬಂದಾಗಲೇ ಡಾಕ್ಟ್ರೇ, ಈ ಕೋಣೆ ತೆಗೆದಿರ್ಬೇಕಾದ್ದು," ಎಂದರು.

"ಸ್ವರ್ಗಕ್ಕೂ ಪರೀಕ್ಷೆ ಇಟ್ಟಿದ್ದೀರಿ. ನಿಮ್ಮ ಮಕ್ಕಳು ಬೇಗ ಬೇಗ ಪಾಸಾಗ್ತಾರೆ ಬಿಡಿ," ಎಂದು ಡಾಕ್ಟರ್ ಕುದುರೆ ತಿರುಗಿಸಿದರು. ಲೋಕದ ಜನರ ಮಾತೇ ಹಾಗೆ.

ತರಗತಿ ನಡೆಸಿದೆ. ಲೋಯಿಸ್ ಕೆಮ್ಮುತ್ತಿದ್ದಳು, ಒಲೆಯ ಹತ್ತಿರ ಕೂರಿಸಿದೆ. ಬಾಗಿಲ ಬೆಂಚಿಗೆ ಹಿಮದ ಗಾಳಿ ಹೊಡೆಯುತ್ತಿತ್ತು. ತಿರ್ಜಾಳ ತುಟಿ ನೀಲಿಯಾಗಿದ್ದನ್ನು ಕಂಡು ಸನ್ನೆ ಮಾಡಿ ಒಲೆಯ ಕಡೆಯ ಬೆಂಚಿಗೆ, ಲೋಯಿಸ್ ಪಕ್ಕಕ್ಕೆ, ಕರೆದೆ. ಸನ್ನೆ ಮಾತಲ್ಲ. ಇಬ್ಬರೂ ಒಂದೇ ಪುಸ್ತಕ ನೋಡಿ ಹೇಳಿದರು.

ಜನವರಿ 11. ಬುಧವಾರ

ಲೋಯಿಸ್ ತೀರಿಕೊಂಡಳು. ಐದು ದಿನದಲ್ಲಿ. ಇನ್ನೊಬ್ಬಳು, ಪುಟ್ಟ ಜೆಮಿಮಾ, ನಿನ್ನೆ. ತರಗತಿಗೆ ಏಳೇ ಮಕ್ಕಳು ಬಂದಿದ್ದರು. ಮಣ್ಣು ಕಲ್ಲಾಗಿದೆ. ಗಂಡಸರು ಬೆಂಕಿ ಹಾಕಿ ಕರಗಿಸಿ ಅಗೆಯುತ್ತಿದ್ದಾರೆ.

ಲೋಯಿಸ್ ಬೇಲಿಯ ಒಳಗೆ ಮಲಗಿದಳು. ಹಿರಿಯರು ನನ್ನ ಕೈಬರಹದ ಅವಳ ಉತ್ತರವನ್ನು ಓದಿದಾಗ ಅವಳ ತಾಯಿ ನನ್ನ ಕೈ ಹಿಡಿದು, "ನೀನು ಬರೆದಿಟ್ಟೆಯಲ್ಲ, ಅಷ್ಟು ಸಾಕು ನನಗೆ," ಎಂದಳು.

ಜನವರಿ 15. ಭಾನುವಾರ

ನಾಲ್ಕು ಮಕ್ಕಳು. ಕೊನೆಗೂ ಕೋಣೆ ಮುಚ್ಚಿದರು, ಕೂರುವವರೇ ಇಲ್ಲವೆಂದು.

ಚಿಕ್ಕಮ್ಮ ಇಂದು ಇದ್ದಕ್ಕಿದ್ದಂತೆ, "ನಿನಗೂ ನಮ್ಮ ಡಾಮರಿಸ್‌ಗೂ ಒಂದೇ ವಾರ ಒಡೀತು ಅಲ್ವಾ? ಇಬ್ರಿಗೂ ಬಾವಿ ಹತ್ರ," ಎಂದರು. ಡಾಮರಿಸ್ ಅವರ ಮಗಳು, ನನ್ನ ಜತೆಯವಳು, ಹೆರಿಗೆಯಲ್ಲಿ ಹೋದಳು.

"ಅದನ್ನ ಈಗ ಯಾಕೆ ಎತ್ತುತ್ತೀರಿ?"

"ಸುಮ್ನೆ ನೆನಪಾಯ್ತು. ಅವಳು ಹಾಸಿಗೇಲಿ ಅಭ್ಯಾಸ ಮಾಡ್ತಿದ್ಲು. ನೀನು ಪಕ್ಕದಲ್ಲಿ ಮಲಗಿ ಕೇಳಿಸ್ಕೊಳ್ತಿದ್ದೆ."

ನಾನು ನೀರು ತರಲು ಹೋದೆ. ತೊಟ್ಟಿ ತುಂಬಿಯೇ ಇತ್ತು.

ಜನವರಿ 22. ಭಾನುವಾರ

ತಿರ್ಜಾಳಿಗೆ ಬಂದಿದೆ. ಗುರುವಾರದಿಂದ. ಹಿರಿಯ ಜೋಥಾಮ್ ಬಾಗಿಲಿಗೇ ಬಂದರು. ಮೊಮ್ಮಗನನ್ನು ಅವರೂ ಕಳೆದುಕೊಂಡಿದ್ದಾರೆ, ಬುಧವಾರ. ಅವರ ಗಡ್ಡದಲ್ಲಿ ಹಿಮ ಹೆಪ್ಪುಗಟ್ಟಿತ್ತು, ಒರೆಸಿಕೊಂಡಿರಲಿಲ್ಲ.

"ನಾಳೆ ಬೆಳಿಗ್ಗೆ ಹೋಗು. ನಿನಗೆ ಮಾತಾಡೋ ಅಪ್ಪಣೆ ಇದೆ. ಮನೆಯವರನ್ನ ಹೊರಗೆ ಕಳಿಸು, ಸಾಕ್ಷಿ ಹೇಳೋವಾಗ ರಕ್ತಸಂಬಂಧಿಗಳು ಇರಬಾರದು. ಹೇಗಾದ್ರೂ ಮಾಡಿ ಉತ್ತರ ತಗೊಂಡು ಬಾ ಕೆಜಾಯಾ. ಆ ಮಗೂನ ಬೇಲಿಯಾಚೆ ಹಾಕೋಕೆ ನನ್ನ ಕೈಯಲ್ಲಿ ಆಗಲ್ಲ."

ಜನವರಿ 23. ಸೋಮವಾರ

ತಿರ್ಜಾ ಹ್ಯಾಸ್ಕಲ್ ಹನ್ನೊಂದು ಗಂಟೆಗೆ ತೀರಿಕೊಂಡಳು. ಉತ್ತರ ದಾಖಲಾಯಿತು. ಸಹಿ ಹಾಕಿದೆ.

ಜನವರಿ 25. ಬುಧವಾರ

ಬೇಲಿಯ ಒಳಗೆ, ಲೋಯಿಸ್‌ಳಿಂದ ಮೂರನೆಯ ಜಾಗ. ಹಿರಿಯರು ಓದಿದರು: "ಜನವರಿ ಎರಡನೆಯ ದಿನ, ಸೋಮವಾರ, ಕೊಟ್ಟಿಗೆಯ ಅಟ್ಟದಲ್ಲಿ ಒಬ್ಬಳೇ ಹುಲ್ಲಿನ ಮೇಲೆ ಮಂಡಿಯೂರಿದ್ದಾಗ ನನ್ನ ಹೃದಯ ಒಡೆಯಿತು. ನನ್ನ ಹಟವೇ ನನ್ನ ಕತ್ತಲೆಯಾಗಿತ್ತು. ನನ್ನನ್ನು ಮೌನದಲ್ಲಿಟ್ಟವರೇ ನನ್ನನ್ನು ನಿಜವಾಗಿ ಪ್ರೀತಿಸಿದವರು." ಓದುವಾಗ ಅವರ ದನಿ ಒಡೆಯಿತು. ಹೆಂಗಸರೆಲ್ಲ ಅತ್ತರು.

ಅಸೆನತ್ ಅಳಲಿಲ್ಲ. ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದಳು.

ಫೆಬ್ರವರಿ 12. ಭಾನುವಾರ

ತರಗತಿ ಮತ್ತೆ ಶುರುವಾಗಿದೆ. ಎಂಟು ಮಕ್ಕಳು. ತಿರ್ಜಾಳ ಉತ್ತರವನ್ನು ಪ್ರತಿ ಮಾಡಿ ನಮ್ಮ ಹನ್ನೊಂದು ಸಭೆಗಳಿಗೂ ಕಳಿಸಿದ್ದಾರೆ. ಹಟಮಾರಿ ಮಕ್ಕಳಿಗೆ ಓದಿ ಹೇಳಬೇಕೆಂದು ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿಕೊಳ್ಳುತ್ತಾರಂತೆ. ನನ್ನ ಪುಸ್ತಕಕ್ಕೂ ಅಂಟಿಸಿದೆ. ಇಂದು ಓದಿಸಿದೆ. ಮಕ್ಕಳು ಎರಡು ಸಲ ಹೇಳಿದರು.

ಜೋಳದ ಅಂಬಲಿ ಗಂಟಲಲ್ಲಿ ಇಳಿಯುತ್ತಿಲ್ಲ. ಚಿಕ್ಕಮ್ಮ ಗಂಟಲು ನೋಡಿದರು. "ಏನೂ ಇಲ್ವಲ್ಲೇ," ಎಂದರು.

ಫೆಬ್ರವರಿ 19

ಓದಿಸಿದೆ.

ಫೆಬ್ರವರಿ 26

ಓದಿಸಿದೆ. ಪ್ರಾರ್ಥನೆಗೆ ಮಂಡಿಯೂರಿದೆ, ಎದ್ದೆ.

ಮಾರ್ಚ್ 5. ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ. ಹಗಲು ಬೆಳಕಿದೆ, ಚಿಕ್ಕಮ್ಮ ಮಲಗಿದ್ದಾರೆ, ಯಾರೂ ಬರುವುದಿಲ್ಲ.

ಜೆರೂಷಾ, ಹತ್ತು ವರ್ಷ, ಬಡಗಿಯ ಮಗಳು, ನಲವತ್ತನೆಯದಕ್ಕೆ ಉತ್ತರ ಹೇಳಲು ಎದ್ದು ನಿಂತಳು. ಕೈ ಜೋಡಿಸಿ, ಕಣ್ಣು ಮುಚ್ಚಿ, "ಕೊಟ್ಟಿಗೆಯ ಅಟ್ಟದಲ್ಲಿ ಒಬ್ಬಳೇ ಹುಲ್ಲಿನ ಮೇಲೆ ಮಂಡಿಯೂರಿದ್ದಾಗ" ಎಂದು ಶುರು ಮಾಡಿದಳು.

"ನಿಮ್ಮನೇಲಿ ಕೊಟ್ಟಿಗೆ ಇಲ್ವಲ್ಲೇ ಮಗು," ಎಂದೆ.

"ಇಲ್ಲ ಅಕ್ಕ. ಆದ್ರೆ ತಿರ್ಜಾ ಹೇಳಿದ್ದು ಚೆನ್ನಾಗಿದೆ. ನಾನೂ ಅದನ್ನೇ ಹೇಳ್ತೀನಿ ಅಂತ ಅಮ್ಮನ ಹತ್ರ ಹೇಳ್ದೆ, ಅಮ್ಮ ಹೂಂ ಅಂದ್ಲು."

ಒಲೆಯ ಹೊಗೆ ಕಣ್ಣಿಗೆ ಹೋಯಿತೆಂದು ಹೇಳಿ ತರಗತಿ ಬಿಟ್ಟೆ. ಸಹಿ ಹಾಕಲಿಲ್ಲ.

ತಿರ್ಜಾ ಅದನ್ನು ಹೇಳಲಿಲ್ಲ. ಒಂದು ಮಾತನ್ನೂ ಹೇಳಲಿಲ್ಲ. ಹ್ಯಾಸ್ಕಲ್‌ರ ಅಂಗಳದ ಮರದ ದಿಮ್ಮಿಯ ಮೇಲೆ ಕುಳಿತು ಅಷ್ಟನ್ನೂ ಕಟ್ಟಿದವಳು ನಾನು.

ಆ ದಿನ ನಾನು ಹೋದಾಗ ಅಸೆನತ್ ವಿನೆಗರ್ ಕಾಯಿಸಿ ಹಬೆ ಹಿಡಿಸುತ್ತಿದ್ದಳು. ಅವಳನ್ನು ಹೊರಗೆ ಕಳಿಸಿದೆ. ಅವಳು ಕೆಟಲನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಾಚೆ ನಿಂತಳು. ಬಾಗಿಲು ಹಾಕಿದೆ. ತಿರ್ಜಾಳ ಕುತ್ತಿಗೆ ಊದಿ ಮುಖದ ಅಗಲಕ್ಕೆ ಬಂದಿತ್ತು. ಉಸಿರು ಗರಗಸದಂತೆ. ನನ್ನನ್ನು ಕಂಡು, "ಅಕ್ಕ, ಈಗ ನನ್ ಜೊತೆ ಮಾತಾಡ್ಬಹುದಾ?" ಎಂದಳು. ಮೊದಲು ಅದನ್ನೇ ಕೇಳಿದಳು.

ಹೌದು ಎಂದೆ. ನಲವತ್ತನೆಯದನ್ನು ಕೇಳಿದೆ.

ಅವಳು ತಲೆಯಾಡಿಸಿದಳು, ಇಲ್ಲ ಎಂದು. ಸ್ವಲ್ಪ ಹೊತ್ತಿನ ಮೇಲೆ, "ನಿಮ್ ದಿನ ಯಾವುದು ಅಕ್ಕ? ಹೇಗಾಯ್ತು? ಹೇಗಿರುತ್ತೆ ಗೊತ್ತಾದ್ರೆ ನಂಗೂ ಬಂದಿದೆಯಾ ನೋಡ್ಕೊಳ್ತೀನಿ."

ಸಾಯುತ್ತಿರುವ ಮಗುವಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ನನ್ನದು ಡಾಮರಿಸ್‌ಳ ಮಾತು, ಪಕ್ಕದಲ್ಲಿ ಮಲಗಿ ಕಲಿತದ್ದು, ನಾನೂ ಬಾವಿಯ ಕಟ್ಟೆ ಎಂದು ಹೇಳಿಬಿಟ್ಟೆ, ನನಗೆ ಆಗ ಹನ್ನೊಂದು, ಎಂದೆ. ಹತ್ತೊಂಬತ್ತು ವರ್ಷದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ.

ತಿರ್ಜಾ ನಕ್ಕಳು. ಅಣಕವಲ್ಲ. ಸಂತೋಷಪಟ್ಟಳು. "ಹಂಗಾದ್ರೆ ನಾವಿಬ್ರೂ ಕಾಯ್ತಿದ್ದೀವಿ," ಎಂದಳು.

ಆಮೇಲೆ "ಅಮ್ಮನ್ನ ಕರೀರಿ," ಎಂದಳು.

ಇಲ್ಲಿ ನಾನು ಮಾಡಿದ್ದನ್ನು ಬರೆಯಲೇಬೇಕು. ನಾನು ಕರೆಯಲಿಲ್ಲ. "ಮೊದಲು ಉತ್ತರ ಹೇಳು, ಆಮೇಲೆ ಕರೀತೀನಿ," ಎಂದೆ. ಬರಿಗೈಯಲ್ಲಿ ಹಿರಿಯರ ಮುಂದೆ ನಿಲ್ಲಲು ಹೆದರಿದೆ. ಅವಳನ್ನು ಬೇಲಿಯ ಒಳಗೆ ತರಬೇಕೆಂದೂ ಇತ್ತು, ಅದೂ ನಿಜ. "ಒಂದು ದಿನ ಹೇಳು ಸಾಕು, ಯಾವುದಾದರೂ ಒಂದು ದಿನ," ಎಂದೆ. ಅವಳು ಮತ್ತೆ "ಅಮ್ಮ" ಎಂದಳು. ನಾನು ಮತ್ತೆ ಕೇಳಿದೆ. ಮೂರನೆಯ ಸಲ ದನಿ ಬರಲಿಲ್ಲ, ತುಟಿ ಮಾತ್ರ. ನಾನು ಪೆನ್ಸಿಲ್ ಹಿಡಿದು ಕಾಯುತ್ತಿದ್ದೆ. ಉಸಿರು ಸಿಕ್ಕಿಕೊಂಡಿತು, ಬೆನ್ನು ಬಿಲ್ಲಾಯಿತು. ನಾನು ಬಾಗಿಲಿಗೆ ಓಡಿ ತೆಗೆದು ಅಸೆನತ್ ಒಳಗೆ ಬರುವಷ್ಟರಲ್ಲಿ ಮುಗಿದಿತ್ತು. ಕೆಟಲಿನಲ್ಲಿ ವಿನೆಗರ್ ಇನ್ನೂ ಬಿಸಿಯಾಗಿತ್ತು.

"ಹೇಳಿದ್ಲಾ?" ಎಂದು ಲೆಮ್ಯುಯೆಲ್ ಕೇಳಿದ.

ಹೇಳಿದಳು ಎಂದೆ. ಅವಳ ತಾಯಿಗೆ ಕೊಡಲು ನನ್ನ ಹತ್ತಿರ ಬೇರೇನೂ ಉಳಿದಿರಲಿಲ್ಲ.

ಮಾರ್ಚ್ 9. ಗುರುವಾರ

ಹ್ಯಾಸ್ಕಲ್‌ರ ಮನೆಗೆ ಹೋದೆ. ಅಸೆನತ್ ಮೇಪಲ್ ಮರಗಳ ನಡುವೆ ದೊಡ್ಡ ಕಡಾಯಿಯಲ್ಲಿ ಸಕ್ಕರೆಗಾಗಿ ಮರದ ರಸ ಕಾಯಿಸುತ್ತಿದ್ದಳು. ಪಾಕ ಹತ್ತಿರ ಬಂದಿತ್ತು, ಕೈ ಬಿಡುವಂತಿರಲಿಲ್ಲ.

"ಆ ಉತ್ತರ ತಿರ್ಜಾಳದ್ದಲ್ಲ. ನಾನು ಕಟ್ಟಿದ್ದು," ಎಂದೆ.

ಅವಳು ಮರದ ಸೌಟು ತಿರುಗಿಸುತ್ತಲೇ ಇದ್ದಳು. "ಗೊತ್ತು."

"ಹೇಗೆ?"

"ಜನವರಿ ಎರಡು ನಾವಿಬ್ರೂ ಇಡೀ ದಿನ ಬತ್ತಿ ಅದ್ದಿ ಅದ್ದಿ ಮೇಣದಬತ್ತಿ ಮಾಡಿದ್ವಿ. ಅವಳು ನನ್ನ ಕಣ್ಮುಂದಿಂದ ಅಲ್ಲಾಡಲಿಲ್ಲ. ಒಂದು ಮಾತೂ ಇಲ್ಲದೆ, ಇಬ್ರೂ." ಹೊಗೆಗೆ ಮುಖ ಪಕ್ಕಕ್ಕೆ ತಿರುಗಿಸಿದಳು. "ಮೌನದಲ್ಲಿಟ್ಟವರೇ ಪ್ರೀತಿಸಿದವರು ಅಂತ ನನ್ ಮಗಳು ಹೇಳ್ತಾಳಾ? ಓದಿದಾಗಲೇ ಗೊತ್ತಾಯ್ತು. ಒಳಗಡೆ ಜಾಗ ಸಿಕ್ತಲ್ಲ ಅಂತ ಬಾಯ್ಮುಚ್ಕೊಂಡೆ. ನಾನೂ ನಿನ್ನ ಥರದವಳೇ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳ ದನಿಯಲ್ಲಿ ನನಗೆ ಒಂದಿಷ್ಟು ಜಾಗವೂ ಇತ್ತು. ಆದರೆ ಉಳಿದದ್ದನ್ನೂ ಹೇಳಿದೆ. ಮಾತಾಡಬಹುದಾ ಎಂದು ಕೇಳಿದ್ದು, ನನ್ನ ಬಾವಿಕಟ್ಟೆಯ ಕಥೆ, ಅವಳ ನಗು, ಇಬ್ಬರೂ ಕಾಯುತ್ತಿದ್ದೇವೆ ಎಂದದ್ದು. ಆಮೇಲೆ ತಾಯಿಯನ್ನು ಕರೆದದ್ದು, ನಾನು ಬಾಗಿಲು ತೆಗೆಯದಿದ್ದದ್ದು.

ಸೌಟು ನಿಂತಿತು.

"ಎಷ್ಟ್ ಸಲ ಕರೆದ್ಲು?"

"ಮೂರು."

"ನಾನು ಬಾಗಿಲಿಗೆ ಕಿವಿ ಕೊಟ್ಕೊಂಡು ನಿಂತಿದ್ದೆ. ಕೇಳಿಸಲಿಲ್ಲ ನಂಗೆ."

"ದನಿ ಇರಲಿಲ್ಲ ಅಸೆನತ್."

ಪಾಕ ಸೀದ ವಾಸನೆ ಬಂತು. ಅವಳು ಕಡಾಯಿಯನ್ನು ಇಳಿಸಲಿಲ್ಲ. ನಾನು ಇಳಿಸಲು ಹೋದೆ. "ಮುಟ್ಬೇಡ," ಎಂದಳು. ಇಬ್ಬರೂ ನಿಂತೇ ಇದ್ದೆವು. ಇಡೀ ವರ್ಷದ ಸಕ್ಕರೆ ಕಪ್ಪಾಗಿ, ಗುಳ್ಳೆಯೆದ್ದು, ಹೊಗೆಯಾಯಿತು. ಅವಳು ಅದನ್ನು ನೋಡುತ್ತಿದ್ದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು.

ಕೊನೆಗೆ, "ಭಾನುವಾರ ಸಭೇಲಿ ಇದನ್ನೇ ಹೇಳು. ಪೂರ್ತಿ. ಆ ಮೂರು ಸಲದ್ದೂ," ಎಂದಳು.

"ಅವಳನ್ನ ಅಲ್ಲಿಂದ ತೆಗೀತಾರೆ."

"ತೆಗೀಲಿ. ಆ ಕಲ್ಲಿನ ಕೆಳಗೆ ಇರೋದು ಯಾರೋ ಬೇರೆ ಹುಡುಗಿ. ನಂಗೆ ನನ್ ಮಗಳು ಬೇಕು."

ಮಾರ್ಚ್ 12. ಭಾನುವಾರ

ಹೇಳಿದೆ.

ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಹಿರಿಯ ಜೋಥಾಮ್ ಕೇಳಿದಾಗ ಎದ್ದೆ. ನಾಲ್ಕು ಮಾತಾಗುತ್ತಲೇ ಅವರು, "ಕೆಜಾಯಾ, ಕೂತ್ಕೋ, ನಿನಗೆ ಹುಷಾರಿಲ್ಲ," ಎಂದರು. ಹೆಂಗಸರ ಸಾಲಿನಿಂದ ಅಸೆನತ್, "ಅವಳು ಮಾತಾಡ್ಲಿ," ಎಂದಳು. ಆ ಮಂದಿರದಲ್ಲಿ ಅವಳ ದನಿ ಕೇಳಿದ್ದು ನನಗೆ ಅದೇ ಮೊದಲು. ಲೆಮ್ಯುಯೆಲ್ ಹೆಂಡತಿಯ ಕಡೆ ತಿರುಗಿದ.

ಎಲ್ಲವನ್ನೂ ಹೇಳಿದೆ. ಬಾವಿಕಟ್ಟೆಯದ್ದನ್ನೂ, ಬೆಕ್ಕಿನ ವಿಷಯ ಹಿರಿಯರಿಗೆ ಮುಟ್ಟಿಸಿದವಳು ನಾನೆಂಬುದನ್ನೂ. ಲೋಯಿಸ್‌ಳ ತಾಯಿ ಮಧ್ಯದಲ್ಲಿ ಕಿವಿ ಮುಚ್ಚಿಕೊಂಡು ಹೊರಗೆ ಹೋದಳು. ಅವಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ.

ಹಿರಿಯ ಜೋಥಾಮ್ ವೇದಿಕೆಯ ಅಂಚು ಹಿಡಿದು ನಿಂತಿದ್ದರು. "ನಾನು ನಿನ್ನನ್ನ ಕಳಿಸಿದ್ದು ಆ ಮಗೂನ ಒಳಗೆ ತರೋಕೆ," ಎಂದರು. "ನನ್ನ ಮೊಮ್ಮಗನದ್ದನ್ನೂ ನೀನೇ ಬರೆದದ್ದು. ಅದಾದ್ರೂ ಅವನು ಹೇಳಿದ್ದೇನಾ?"

"ಹೌದು. ಅವನೇ ಹೇಳಿದ್ದು."

"ನಿನ್ನ ಮಾತನ್ನ ಇನ್ನು ಹೇಗೆ ನಂಬಲಿ?"

ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಸಂಜೆ ತೀರ್ಪು ಬಂತು. ನನ್ನನ್ನು ಮೌನದಲ್ಲಿಡುವುದು. ತಿರ್ಜಾ ಬೇಲಿಯಾಚೆಗೆ. ತರಗತಿಗೆ ಹುಲ್ಡಾ ಅಕ್ಕನ ಮಗಳು.

ಚಿಕ್ಕಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. "ಮೌನ ಅಂತೆ," ಎಂದೆ. "ಈ ವಯಸ್ಸಲ್ಲಿ ನಂಗೆ ಯಾರ ಅಪ್ಪಣೇನೂ ಕಿವಿಗೆ ಬೀಳಲ್ಲ," ಎಂದರು. "ಬಾ, ತಟ್ಟೆ ಹಾಕ್ತೀನಿ."

ಮಾರ್ಚ್ 20. ಸೋಮವಾರ

ಇಳಿಜಾರಿನ ಜಾಗವನ್ನು ಹ್ಯಾಸ್ಕಲ್‌ರು ಬೇಡವೆಂದರು. ಮೇಪಲ್ ಮರಗಳ ಕೆಳಗೆ, ತಮ್ಮ ನೆಲದಲ್ಲೇ ಗುಂಡಿ ತೋಡಿದ್ದರು. ಮಂಜು ಕರಗಿ ರಸ್ತೆ ಕೆಸರಾಗಿತ್ತು. ಸಭೆಯ ಯಾರೂ ಬರಲಿಲ್ಲ. ಡಾಕ್ಟರ್ ಕ್ರೌಲಿ ಬಂದು ಕೋಟು ಕಳಚಿ ಬೇಲಿಯೊಳಗಿಂದ ಅಗೆದು ತೆಗೆದ ಶವಪೆಟ್ಟಿಗೆಯ ಒಂದು ಮೂಲೆ ಹಿಡಿದರು. ಇನ್ನೊಂದು ಮೂಲೆ ಹಿಡಿಯುವವರಿಲ್ಲದೆ ಉಳಿದಿತ್ತು. ಕೇಳದೆಯೇ ಹಿಡಿದೆ. ಅಸೆನತ್ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಪೆಟ್ಟಿಗೆ ಅಷ್ಟು ಹಗುರವಾಗಿರುತ್ತದೆಂದು ನಾನು ಎಣಿಸಿರಲಿಲ್ಲ.

ಬಂಡಿಯ ಪಕ್ಕ ನಡೆಯುತ್ತಾ ಲೆಮ್ಯುಯೆಲ್ ಗಟ್ಟಿಯಾಗಿ ಮಾತಾಡತೊಡಗಿದ. ಮೊದಲು ಕುದುರೆಗೆ ಹೇಳುತ್ತಿದ್ದಾನೆ ಎಂದುಕೊಂಡೆ. "ಇಲ್ಲಿ ಒಂದು ಹಳ್ಳ ಇದೆ ಮಗಳೇ, ಸ್ವಲ್ಪ ಕುಲುಕುತ್ತೆ. ಇದು ಸೇತುವೆ. ಹೊಳೆ ತುಂಬಿದೆ ನೋಡು." ಮನೆ ಬರುವ ತನಕ ಬಾಯಿ ಮುಚ್ಚಲಿಲ್ಲ.

ಮಣ್ಣು ಮುಚ್ಚಿದ ಮೇಲೆ ಪ್ರಾರ್ಥನೆ ಯಾರು ಹೇಳಬೇಕೆಂದು ತಿಳಿಯಲಿಲ್ಲ. ಯಾರೂ ಹೇಳಲಿಲ್ಲ. ಡಾಕ್ಟರ್ ಟೋಪಿ ಹಾಕಿಕೊಂಡು ಹೊರಟರು. ಲೆಮ್ಯುಯೆಲ್ ಕುದುರೆ ಬಿಚ್ಚಲು ಹೋದ. ನಾನೂ ಹೊರಟೆ. ಗೇಟಿನ ತನಕ ಬಂದಿದ್ದೆ.

"ಕೆಜಾಯಾ."

ಅಸೆನತ್ ಗುಂಡಿಯ ಬಳಿಯೇ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ಗುದ್ದಲಿಯ ಕೆಸರನ್ನು ಕಾಲಿನಿಂದ ತಿಕ್ಕುತ್ತಿದ್ದಳು.

"ನಿನ್ನನ್ನ ಕಂಡ್ರೆ ನಂಗೆ ಆಗಲ್ಲ. ಮುಂದೂ ಆಗಲ್ಲ. ಆದ್ರೆ ಅವಳ ಕೊನೇ ಮಾತು ಇರೋದು ನಿನ್ನ ಹತ್ರ ಮಾತ್ರ. ನಾಳೆ ಬಂದು ಮೊದಲಿಂದ ಹೇಳು, ಹೇಗೆ ನಕ್ಲು ಅನ್ನೋದನ್ನೂ. ನಾಳಿದ್ದೂ ಬಂದು ಹೇಳು."

ನಾಳೆ ಕೆಲಸ ಬೇಗ ಮುಗಿಸಿ ಹತ್ತು ಗಂಟೆಯೊಳಗೆ ಅಲ್ಲಿರಬೇಕು.